ಢೋಲಕ್‌ಪುರ ಗೊತ್ತು, ಸುರಪುರ ಗೊತ್ತಿಲ್ಲ

ಶಿರವಾಳದ ಯಾವ ಓಣಿಯಲ್ಲಾದರೂ ಮಕ್ಕಳನ್ನು ಕೇಳಿ ನೋಡ್ರಿ, ಢೋಲಕ್‌ಪುರದ ರಾಜ ಯಾರಂತ. ಇಂದ್ರವರ್ಮ ಅಂತ ಥಟ್ಟನೆ ಹೇಳುತ್ತಾರೆ. 1857–58ರಲ್ಲಿ ಬ್ರಿಟಿಷರಿಗೆ ಎದುರು ನಿಂತ ನಮ್ಮ ಸುರಪುರದ ರಾಜ ಯಾರು ಅಂದರೆ ತಡವರಿಸುತ್ತಾರೆ. ವೆಂಕಟಪ್ಪ ನಾಯಕರ ಹೆಸರು ಅವರಿಗೆ ಕಾರ್ಟೂನಿನಲ್ಲಿ ಸಿಕ್ಕಿಲ್ಲ.

ಇದಕ್ಕೆ ದೊಡ್ಡವರು ‘ಛೋಟಾ ಭೀಮ್’ನನ್ನು ಬೈಯುತ್ತಾರೆ. ನಾವು ಒಪ್ಪುವುದಿಲ್ಲ.

ಆ ಭೀಮನನ್ನು ಹುಟ್ಟಿಸಿದ ರಾಜೀವ್ ಚಿಲಕಾ, ನಮ್ಮವರು ಗುಳೆ ಹೋಗುವ ಹೈದರಾಬಾದಿನವರೇ. ಅಮೆರಿಕಕ್ಕೆ ಹೋಗಿ ಕಂಪ್ಯೂಟರ್ ಓದಿದರು, ಸಾಫ್ಟ್‌ವೇರ್ ನೌಕರಿ ಹಿಡಿದರು. ಅದನ್ನು ಬಿಟ್ಟು ಅಲ್ಲೇ ಅನಿಮೇಷನ್ ಕಲಿತರು. 2001ರಲ್ಲಿ ಹೈದರಾಬಾದಿನಲ್ಲಿ ಗ್ರೀನ್ ಗೋಲ್ಡ್ ಕಂಪನಿ ಕಟ್ಟಿದರು. ‘ವಿಕ್ರಮ್ ಬೇತಾಳ’, ‘ಕೃಷ್ಣ’ ಮಾಡಿದರು. ಏಳು ವರ್ಷ ಕಳೆದ ಮೇಲೆ, 2008ರಲ್ಲಿ, ಪೋಗೋ ಚಾನೆಲ್ಲಿಗೆ ಛೋಟಾ ಭೀಮ್ ಬಂದ. ಧೋತರ ಉಟ್ಟ ಹುಡುಗ, ಲಡ್ಡು, ಮಂಗನ ಗೆಳೆತನ. 2019ರಲ್ಲಿ ಅದೇ ಭೀಮ ಕೂಸಾಗಿ, ಮಾತೇ ಇಲ್ಲದ ಕಥೆಗಳಲ್ಲಿ, ನೆಟ್‌ಫ್ಲಿಕ್ಸ್ ಮೂಲಕ ದೇಶ ದೇಶ ಸುತ್ತಿದ. ಹಳ್ಳಿ ಕಥೆ ಯಾರು ನೋಡ್ತಾರೆ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಕನ್ನಡದಲ್ಲಿ ಏನಾಯಿತು? 2009ರಲ್ಲಿ ಚಿಂಟು ಟಿವಿ ಬಂತು. ಮಕ್ಕಳಿಗೆ ಕನ್ನಡದ ಮಾತು ಸಿಕ್ಕಿತು, ಒಳ್ಳೆಯದೇ. ಆದರೆ ಹೆಚ್ಚಿನದೆಲ್ಲ ಡಬ್ಬಿಂಗ್. ಮಾತು ನಮ್ಮದು, ಊರು ಬೇರೆಯವರದು. 2012ರಲ್ಲಿ ನಮ್ಮ ಸರ್ಕಾರ ಅನಿಮೇಷನ್ನಿಗೆಂದೇ ನೀತಿ ತಂದಿತು, ದೇಶದಲ್ಲೇ ಮೊದಲು. 2024ರಲ್ಲಿ ಹೊಸದೂ ಬಂತು. ಬೆಂಗಳೂರಿನ ಸ್ಟುಡಿಯೋಗಳು ಪರದೇಶದ ಸಿನಿಮಾಗಳಿಗೆ ಕೆಲಸ ಮಾಡಿಕೊಟ್ಟವು. ಭೀಮನಷ್ಟು ಮನೆಮಾತಾದ ಕನ್ನಡದ ಒಬ್ಬ ಹುಡುಗ, ಒಬ್ಬ ಹುಡುಗಿ ಟಿವಿಯಲ್ಲಿ ಎಲ್ಲಿದ್ದಾರೆ?

ನಮ್ಮಲ್ಲಿ ಕಥೆಗೆ ಬರ ಇಲ್ಲ, ಕೈಗೂ ಬರ ಇಲ್ಲ. ಸುರಪುರದ ಅರಸರ ಆಶ್ರಯದಲ್ಲಿ ಚಿತ್ರಕಲೆಯ ಪರಂಪರೆಯೇ ಬೆಳೆದಿತ್ತು. ಶಹಾಪುರದಲ್ಲಿ ಗುಡ್ಡವೇ ಬುದ್ಧನಂತೆ ಮಲಗಿದೆ. ಶಿರವಾಳದಲ್ಲಿ ಹಳೇ ಗುಡಿಗಳಿವೆ. ಬರ ಇರುವುದು ಸರ್ಕಾರದ ಮನಸ್ಸಿಗೆ.

ನಮ್ಮ ಬೇಡಿಕೆ ಎರಡೇ. ಅನಿಮೇಷನ್ ನೀತಿಯ ಹಣದಲ್ಲಿ ಒಂದು ಪಾಲು ಕನ್ನಡದ ಮಕ್ಕಳ ಕಾರ್ಟೂನಿಗೇ ಮೀಸಲಾಗಲಿ. ಚಿತ್ರಕಲಾ ಮಾಸ್ತರರಿಲ್ಲದ ಸರ್ಕಾರಿ ಹೈಸ್ಕೂಲುಗಳಿಗೆ ಮಾಸ್ತರರು ಬರಲಿ. ವೋಟು ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಇದನ್ನೂ ಕೇಳ್ರಿ. ನಮ್ಮ ಮಕ್ಕಳು ಹೈದರಾಬಾದಿಗೆ ಇಟ್ಟಿಗೆ ಹೊರಲಿಕ್ಕಷ್ಟೇ ಹೋಗಬೇಕು ಅಂತ ಯಾರೂ ಬರೆದಿಟ್ಟಿಲ್ಲ.