‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಕಲಿಸಿದರೆ ಮಗುವಿನ ಓದು ಹಾಳಾಗುತ್ತದೆಯೇ?

ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ದೂರು ಓಡಾಡತೊಡಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಈಗ ಅ ಆ ಇ ಈ ಹೇಳಿಕೊಡುವುದನ್ನೇ ಬಿಟ್ಟಿದ್ದಾರೆ, ಅದರ ಬದಲು ‘ರ ಗ ಸ ದ ಅ’ ಅಂತ ಏನೋ ಕಲಿಸುತ್ತಿದ್ದಾರೆ, ನಮ್ಮ ವೈಜ್ಞಾನಿಕ ವರ್ಣಮಾಲೆಯನ್ನು ತಲೆಕೆಳಗು ಮಾಡಿದ್ದಾರೆ ಎಂಬುದು ಅದರ ಸಾರ. ಇದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ನಂಬಿ ಮಗುವನ್ನು ಅಳೆಯಹೊರಟರೆ ಓದು ಬಾರದ ಮಗು ಜಾಣ ಎನಿಸಿಕೊಳ್ಳಬಹುದು, ಓದು ಕಲಿಯುತ್ತಿರುವ ಮಗು ದಡ್ಡ ಎನಿಸಿಕೊಳ್ಳಬಹುದು.

ಮೊದಲು ನಿಜವಾದ ಭಾಗ. ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ‘ನಲಿ-ಕಲಿ’ ಎಂಬ ಪದ್ಧತಿ ಇದೆ. ಇದು ನಿನ್ನೆ ಮೊನ್ನೆಯದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ರಿಂದ ರಾಜ್ಯಾದ್ಯಂತ ವಿಸ್ತರಣೆಯಾಯಿತು. ಇದರಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯ ಯಾವ ಅಕ್ಷರವನ್ನೂ ಕೈಬಿಟ್ಟಿಲ್ಲ, ಕಲಿಸುವ ಕ್ರಮ ಮಾತ್ರ ಬೇರೆ.

ಯಾಕೆ ಬೇರೆ? ಒಂದು ಕಾಗದ ಪೆನ್ನು ತೆಗೆದುಕೊಂಡು ನೀವೇ ಪರೀಕ್ಷೆ ಮಾಡಿ. ಅ, ಆ, ಇ, ಈ, ಉ ಈ ಐದು ಅಕ್ಷರಗಳಿಂದ ಎಷ್ಟು ಪದ ಬರೆಯಬಹುದು? ‘ಆ’, ‘ಈ’ ಎಂದು ಬೆರಳು ತೋರಿಸಬಹುದು, ಅಷ್ಟೇ. ಈಗ ರ, ಗ, ಸ, ದ, ಅ ತೆಗೆದುಕೊಳ್ಳಿ: ಸರ, ರಸ, ಅರಸ, ಅಗಸ, ಗರಗಸ. ಮುಂದಿನ ಐದು ಅಕ್ಷರ ಸೇರಿದರೆ ಮರ, ಜನ, ವನ, ಬಸವ. ‘ಬಸವನ ಗರಗಸ’ ಎಂದು ಓದಿ ಮಗು ನಗಲೂಬಹುದು. ಇನ್ನೊಂದು ‘ಯ’ ಬಂದರೆ ಸಾಕು, ಬಸ್ಸಿನ ಬೋರ್ಡಿನ ಮೇಲಿರುವ ‘ಜಯನಗರ’ವನ್ನು ಮಗು ತಾನೇ ಓದುತ್ತದೆ. ಐದೂ ಅಕ್ಷರ ಬೋಳು. ಕೊಂಬು, ಒತ್ತು, ಸೊನ್ನೆ ಯಾವುದೂ ಇಲ್ಲ.

ದಕ್ಷಿಣ ಬೆಂಗಳೂರಿನ ಬೋರ್ಡುಗಳನ್ನೇ ನೋಡುತ್ತಾ ಹೋದರೆ ಕನ್ನಡ ಓದಿನ ಮೆಟ್ಟಿಲುಗಳು ಕಾಣುತ್ತವೆ. ಜಯನಗರ ಸಲೀಸು. ಬನಶಂಕರಿಯಲ್ಲಿ ಒಂದು ಸೊನ್ನೆ, ಒಂದು ಗುಡಿಸು. ಬಿಟಿಎಂ ಎಂಬ ಹೆಸರಿನ ಹಿಂದಿರುವ ಮೂರು ಊರುಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ. ಬೈರಸಂದ್ರಕ್ಕೆ ಬರುವಷ್ಟರಲ್ಲಿ ಐತ್ವ, ಸೊನ್ನೆ, ಒತ್ತಕ್ಷರ ಮೂರೂ ಬೇಕು. ‘ಸೂರ್ಯ’ ಇನ್ನೂ ಕಷ್ಟ. ಬಾಯಿ ‘ರ್’ ಅನ್ನು ಮೊದಲು ಹೇಳುತ್ತದೆ, ಕಣ್ಣಿಗೆ ‘ಯ’ ಮೊದಲು ಕಾಣುತ್ತದೆ, ಅರ್ಕಾವೊತ್ತು ಆಮೇಲೆ.

ಹಾಗಾದರೆ ನಮ್ಮ ವರ್ಣಮಾಲೆ ವೈಜ್ಞಾನಿಕವಲ್ಲವೇ? ಖಂಡಿತ ಹೌದು. ‘ಕ’ ವರ್ಗ ಗಂಟಲಿನ ಹತ್ತಿರ ಹುಟ್ಟುತ್ತದೆ, ‘ಪ’ ವರ್ಗ ತುಟಿಯಲ್ಲಿ. ನಡುವಿನ ವರ್ಗಗಳು ಬಾಯಿಯೊಳಗೆ ಹಿಂದಿನಿಂದ ಮುಂದಕ್ಕೆ ಬರುತ್ತವೆ. ಧ್ವನಿಗಳನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಪಟ್ಟಿಗಳು ವಿರಳ. ಆದರೆ ಅದು ಧ್ವನಿಯನ್ನು ಅರ್ಥ ಮಾಡಿಕೊಳ್ಳಲು, ನಿಘಂಟಿನಲ್ಲಿ ಪದ ಹುಡುಕಲು ಮಾಡಿದ ಕ್ರಮ. ಮಸಾಲೆ ಡಬ್ಬಿಗಳನ್ನು ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದೇವೆ ಎಂದು ಸಾರಿಗೂ ಅದೇ ಸಾಲಿನಲ್ಲಿ ಹಾಕುತ್ತೇವೆಯೇ? ‘ಙ’ ವ್ಯಂಜನಗಳಲ್ಲಿ ಐದನೆಯದು. ಆರು ವರ್ಷದ ಮಗುವಿನ ಬಾಯಲ್ಲಿ ಅದನ್ನು ಬರೆಯಬೇಕಾದ ಒಂದು ಪದ ಹೇಳಿ ನೋಡೋಣ!

ಬಾಯಿಪಾಠ ಬಂದರೆ ಓದು ಬಂದಂತೆಯೇ?

ನಮ್ಮ ಮಟ್ಟಿಗೆ ಈ ಫಾರ್ವರ್ಡ್‌ನ ಹಿಂದಿರುವ ದೊಡ್ಡ ತಪ್ಪು ಕಲ್ಪನೆ ಇದೇ. ‘ಅ’ದಿಂದ ‘ಳ’ವರೆಗೆ ಪಟಪಟ ಹೇಳುವ ಮಗುವಿಗೆ ನಡುವಿನ ‘ಧ’ ತೋರಿಸಿ ಇದೇನು ಎಂದು ಕೇಳಿ. ಹಲವು ಮಕ್ಕಳು ಮತ್ತೆ ಮೊದಲಿನಿಂದ ಗುನುಗುತ್ತಾ ಅಲ್ಲಿಗೆ ಬಂದು ನಿಲ್ಲುತ್ತಾರೆ. ಅದು ಹಾಡು, ಓದಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೂ ಇದು ಅನ್ವಯಿಸುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಜೆ.ಪಿ. ನಗರದ ಸಿಬಿಎಸ್‌ಇ ಶಾಲೆಯ ಮಗುವೂ ಕನ್ನಡ ಕಲಿಯಬೇಕು. ಕಾಗುಣಿತವನ್ನು ಪುಟಗಟ್ಟಲೆ ಕಾಪಿ ಬರೆಸಿ ಮುಗಿಸಿದರೆ, ಅದಕ್ಕೆ ಕನ್ನಡ ಅಂದರೆ ಕೈನೋವು ಎಂಬಷ್ಟೇ ನೆನಪು ಉಳಿಯುತ್ತದೆ.

ಇನ್ನು ಕಾಲದ ಲೆಕ್ಕ. ಇಂಗ್ಲಿಷಿಗೆ 26 ಅಕ್ಷರ. ಕನ್ನಡದಲ್ಲಿ 34 ವ್ಯಂಜನಗಳಿಗೆ ಸ್ವರ ಸೇರಿಸಿದರೇ ನಾಲ್ಕು ನೂರಕ್ಕೂ ಹೆಚ್ಚು ರೂಪಗಳು, ಒತ್ತಕ್ಷರ ಬೇರೆ. ಬೆಂಗಳೂರಿನ ದಿ ಪ್ರಾಮಿಸ್ ಫೌಂಡೇಶನ್‌ನ ಮನೋವಿಜ್ಞಾನಿ ಸೋನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರುವ ಪ್ರಕ್ರಿಯೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ಕಂಡುಬಂತು. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ಸೋಮಾರಿತನವಲ್ಲ.

ಹಾಗಂತ ಎಲ್ಲ ಸರಿಯಾಗಿದೆ ಎಂದೇನೂ ಅಲ್ಲ. ‘ಅಸರ್’ 2024 ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 27.1, ಐದನೇ ತರಗತಿಯಲ್ಲೂ ಶೇ 48.8 ಮಾತ್ರ. (ಈ ಅಂಕಿಗಳನ್ನು ಬೆಂಗಳೂರಿನ ಮಕ್ಕಳ ಫಲಿತಾಂಶ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ, ಅದು ಹಳ್ಳಿಗಳ ಸಮೀಕ್ಷೆ.) ಅಕ್ಷರದ ಕ್ರಮ ಬದಲಿಸಿದ ಮಾತ್ರಕ್ಕೆ ಓದು ಬಂದುಬಿಡುವುದಿಲ್ಲ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುತ್ತಾರೆ. ಶಿಕ್ಷಕರು ಸಾಲದೇ ಹೋದರೆ ಕಾರ್ಡು, ಚಾರ್ಟು ಎಷ್ಟಿದ್ದರೂ ಪ್ರಯೋಜನ ಕಡಿಮೆ.

ಪುಸ್ತಕದ ಮೇಲೆ ಪ್ರೀತಿ ಎಲ್ಲಿಂದ ಬರುತ್ತದೆ?

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಒಂದು ಸರಳ ಸೂತ್ರ ಕೊಟ್ಟರು. ಓದಿ ತಿಳಿಯುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಅಥವಾ ಹಿಂದಿ ಆಡುವ ಬಿಟಿಎಂ ಲೇಔಟಿನ ಮಗು ‘ಗರಗಸ’ವನ್ನು ಸರಿಯಾಗಿಯೇ ಓದಬಹುದು. ಗರಗಸ ಎಂದರೇನು ಎಂದು ಗೊತ್ತಿರದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

ಅಕ್ಷರ ಬಿಡಿಸುವುದರಲ್ಲೇ ಮಗುವಿನ ಗಮನವೆಲ್ಲ ಖರ್ಚಾದರೆ ಕಥೆಗೆ ಏನೂ ಉಳಿಯುವುದಿಲ್ಲ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಇಂಥ ಹೊತ್ತಿನಲ್ಲಿ ‘ಪುಸ್ತಕ ಪ್ರೀತಿಸು’ ಎಂದರೆ ಹೇಗೆ? ಈ ಕೆಲವು ವರ್ಷ ದೊಡ್ಡವರು ಓದಿ ಹೇಳಬೇಕು. ಅಜ್ಜಿ, ಅಣ್ಣ, ಅಪ್ಪ ಯಾರಾದರೂ ಸರಿ. ಓದಲು ಬಾರದ ಅಮ್ಮ ಚಿತ್ರ ತೋರಿಸಿ ತಮ್ಮ ಭಾಷೆಯಲ್ಲಿ ಕಥೆ ಕಟ್ಟಿ ಹೇಳಿದರೂ ಸೂತ್ರದ ಎರಡನೇ ಭಾಗ ಬೆಳೆಯುತ್ತದೆ.

‘ಒಂದು ಪುಸ್ತಕ ಓದಿದರೆ ಒಂದು ಚಾಕೊಲೇಟ್’ ಎಂಬ ಸಲಹೆಯೂ ಓಡಾಡುತ್ತದೆ. 1973ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬಿಡಿಸಲು ಹೇಳಿದರು. ಬಹುಮಾನವಿಲ್ಲದ ದಿನಗಳು ಬಂದಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಅದು ಚಿತ್ರಕಲೆಯ ಪ್ರಯೋಗ, ನಿಜ. ಆದರೂ ಕಥೆಯೇ ಸಿಹಿಯಾಗಿರುವಾಗ ಅದರ ಮೇಲೆ ಚಾಕೊಲೇಟ್ ಹಚ್ಚುವ ಮುಂಚೆ ಯೋಚಿಸುವುದು ಒಳ್ಳೆಯದು.

ದ-ಧ, ಬ-ಭ, ಪ-ಷ ಗೊಂದಲ ಮೊದಲ ವರ್ಷಗಳಲ್ಲಿ ಸಾಮಾನ್ಯ. ಅಷ್ಟಕ್ಕೇ ಡಿಸ್ಲೆಕ್ಸಿಯಾ ಎಂದು ಗಾಬರಿಯಾಗಬೇಡಿ. ಚೆನ್ನಾಗಿ ಹೇಳಿಕೊಟ್ಟರೂ ಮೂರನೇ ತರಗತಿಯ ನಂತರ ಬಿಡಿ ಪದಗಳೂ ಕಷ್ಟವಾಗುತ್ತಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಜಯನಗರಕ್ಕೆ ಹತ್ತಿರವೇ ಇರುವ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಂಥ ಕಡೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನೂ ಗುರುತಿಸಿದೆ.

ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುವವರು ಮನೆಯ ಆಸ್ತಿ ತೆರಿಗೆ ರಸೀದಿ ನೋಡಬೇಕು. ಅದರಲ್ಲಿ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. 10,000 ರೂಪಾಯಿ ತೆರಿಗೆಗೆ 600 ರೂಪಾಯಿ. ಕೊಟ್ಟಿದ್ದೀರಿ ಅಂದಮೇಲೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಮಕ್ಕಳ ಪುಸ್ತಕ ಕೇಳುವುದರಲ್ಲಿ ಸಂಕೋಚವೇನು? ಫೋನಿನಲ್ಲಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ. ಪುಸ್ತಕಗಳನ್ನು ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಬೇರೆ ಮಾಡಿಟ್ಟಿದ್ದಾರೆ. ಮೊದಲ ಹಂತದ್ದನ್ನು ಮಗು ನಿಮಗೆ ಓದಿ ಹೇಳಲಿ, ಮೂರನೆಯ ಹಂತದ್ದನ್ನು ನೀವು ಮಗುವಿಗೆ ಓದಿ ಹೇಳಿ.