ಮೆನುವಿಗಷ್ಟೇ ಸೀಮಿತವಾದ ಜೈನತ್ವ

ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದ ದುಬಾರಿ ರೆಸ್ಟೋರೆಂಟುಗಳಲ್ಲಿ 'ಜೈನ್' ಎಂಬ ಪದಕ್ಕೆ ಈಗ ಬಲು ಮರ್ಯಾದೆ. ರಾಷ್ಟ್ರೀಯ ಷೇರುಪೇಟೆ, ಬ್ಯಾಂಕುಗಳ ಕಚೇರಿಗಳು, ಭಾರತ್ ಡೈಮಂಡ್ ಬೋರ್ಸ್ ಒತ್ತಟ್ಟಿಗೆ ಇರುವಲ್ಲಿ ಜೈನ ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಮಾಲೀಕನೂ ಸಿದ್ಧನಿಲ್ಲ. ಪಾಸ್ತಾ ಕೇಳಿದರೂ ಥಾಯ್ ಕರಿ ಕೇಳಿದರೂ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಮಾಡಿಕೊಡುತ್ತಾರೆ. ಸಮಾಜದ ಹಲವರು ಇದನ್ನು ಧರ್ಮದ ಗೆಲುವೆಂದು ಬಗೆದಿದ್ದಾರೆ. ಗೆದ್ದಿರುವುದು ವ್ಯಾಪಾರ.

ಕಂದಮೂಲಗಳನ್ನು ಬಿಡಬೇಕೆಂಬ ನಿಯಮ ಎಲ್ಲಿಂದ ಬಂದಿತೆಂಬುದನ್ನು ನೆನೆಯಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿಗಳ ನಿಷೇಧ ಬರುವುದು ಭೋಗೋಪಭೋಗ ಪರಿಮಾಣ ವ್ರತದ ಸಂದರ್ಭದಲ್ಲಿ. ಭೋಗಕ್ಕೆ ಮಿತಿ ಹಾಕಿಕೊಳ್ಳುವುದೇ ಆ ವ್ರತದ ತಿರುಳು. (ಅದೇ ಪಟ್ಟಿಯಲ್ಲಿ ಬೆಣ್ಣೆಯೂ ಇದೆ, ಅದನ್ನು ಯಾವ ಮೆನುವೂ ನೆನಪಿಟ್ಟಿಲ್ಲ.) ಮಿತಿಗಾಗಿ ಹುಟ್ಟಿದ ನಿಯಮವನ್ನು ಹಿಡಿದುಕೊಂಡು ಹತ್ತು ದೇಶಗಳ ಭಕ್ಷ್ಯಗಳನ್ನು ಒಂದೇ ಮೇಜಿಗೆ ತರಿಸಿ, ಅರ್ಧ ತಿಂದು ಅರ್ಧ ಬಿಟ್ಟು, ಸಾವಿರಾರು ರೂಪಾಯಿಯ ಬಿಲ್ಲು ತೆತ್ತು ಏಳುವುದು ಯಾವ ವ್ರತ? ಮದ್ಯ, ಮಾಂಸ, ಮಧು ಮೂರರ ತ್ಯಾಗವನ್ನು ಅದೇ ಗ್ರಂಥ ಶ್ರಾವಕನ ಮೂಲಗುಣಗಳಲ್ಲಿ ಎಣಿಸುತ್ತದೆ. ಬಾರ್ ಕೌಂಟರಿನ ಪಕ್ಕದ ಮೇಜಿನಲ್ಲಿ ಕುಳಿತು, ಜೇನು ಸುರಿದ ಸಿಹಿಯನ್ನು ಚಪ್ಪರಿಸುವವರಿಗೆ ಆಲೂಗಡ್ಡೆಯೊಂದೇ ಪಾಪವಾಗಿ ಉಳಿದಿದೆ.

ಎಲ್ಲಕ್ಕಿಂತ ದೊಡ್ಡ ಮರೆವು ಹೊತ್ತಿನದು. ರಾತ್ರಿಭೋಜನ ತ್ಯಾಗದಿಂದಲೇ ಒಂದು ಕಾಲಕ್ಕೆ ಊರವರು ಜೈನರ ಮನೆಯನ್ನು ಗುರುತಿಸುತ್ತಿದ್ದರು. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವುದು ಹಿರಿಯರು ಪಾಲಿಸಿದ ಕ್ರಮ. ಮುಂಬೈಯಲ್ಲಿ ಡಿಸೆಂಬರಿನ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಜೂನ್ ಕೊನೆಯಲ್ಲೂ ಏಳೂಕಾಲರ ಸುಮಾರಿಗೆ. ಇಂಥ ರೆಸ್ಟೋರೆಂಟುಗಳಲ್ಲಿ ರಾತ್ರಿಯೂಟಕ್ಕೆ ಜನ ಸೇರುವುದೇ ಎಂಟರ ಮೇಲೆ. ಸೂಪಿನಲ್ಲಿ ಗೆಡ್ಡೆಯ ಅಂಶ ಸೇರಿದೆಯೇ ಎಂದು ಬಡಿಸುವವನನ್ನು ಮೂರು ಬಾರಿ ವಿಚಾರಿಸುವವರು ಕೈಗಡಿಯಾರವನ್ನು ಒಮ್ಮೆಯೂ ನೋಡಿಕೊಳ್ಳುವುದಿಲ್ಲ.

ಈ ಮರೆವಿಗೆ ರಾಜಕೀಯದ ಬೆಲೆಯೂ ಉಂಟು. 2015ರ ಪರ್ಯುಷಣದಲ್ಲಿ ಮುಂಬೈಯ ಮಾಂಸ ಮಾರಾಟಕ್ಕೆ ವಿಧಿಸಿದ ನಿಷೇಧ ಬೀದಿಜಗಳವಾಯಿತು. ಬಾಂಬೆ ಹೈಕೋರ್ಟು ಅದಕ್ಕೆ ತಡೆ ನೀಡಿತು. ತನ್ನ ನಾಲಿಗೆಗೆ ಗಡಿಯಾರದ ಕಟ್ಟಳೆಯನ್ನು ಹಾಕಿಕೊಳ್ಳದ ಸಮಾಜ ಬೇರೊಬ್ಬನ ಅಂಗಡಿಯ ಬಾಗಿಲು ಹಾಕಿಸಲು ಸರಕಾರದ ಮೊರೆ ಹೋದರೆ ಅದಕ್ಕೆ ಯಾವ ನೈತಿಕ ಬಲವಿದೆ? ಅಹಿಂಸೆಯ ಹೆಸರಿನಲ್ಲಿ ಅಧಿಕಾರ ಚಲಾಯಿಸುವುದು ಸುಲಭ, ಸಂಜೆ ಆರಕ್ಕೆ ತಟ್ಟೆ ತೊಳೆದಿಡುವುದು ಕಷ್ಟ.

ವ್ಯವಹಾರದವರು ರಾತ್ರಿಗೇ ಕರೆಯುತ್ತಾರೆ, ಏನು ಮಾಡುವುದು ಎಂಬ ಸಮಜಾಯಿಷಿ ಸಿದ್ಧವಾಗಿದೆ. ಅದೇ ಅಡುಗೆಮನೆಗಳು ಮಧ್ಯಾಹ್ನವೂ ನಡೆಯುತ್ತವೆ. ಕಚೇರಿಯವರಿಗಾಗಿ ನಿಗದಿತ ದರದ ಊಟವೂ ಹಲವೆಡೆ ಸಿಗುತ್ತದೆ. ಅದಿರಲಿ, ನಿಶ್ಚಿತಾರ್ಥದ ಔತಣ ರಾತ್ರಿಯೇ ಆಗಬೇಕೆಂದು ಯಾವ ವ್ಯವಹಾರಸ್ಥ ಹಠ ಹಿಡಿದಿದ್ದಾನೆ? ಬೀಗರಿಬ್ಬರೂ ಜೈನರು. ಆಮಂತ್ರಣದ ತಲೆಯ ಮೇಲೆ ತೀರ್ಥಂಕರರ ಚಿತ್ರ, ಅಡಿಯಲ್ಲಿ 'ಊಟ: ರಾತ್ರಿ 8.30'. ಹೊತ್ತಿರುವಾಗಲೇ ಮನೆಯಲ್ಲಿ ಉಂಡು ಬಂದ ಅಜ್ಜಿ ಖಾಲಿ ತಟ್ಟೆಯ ಮುಂದೆ ಕುಳಿತು ಮೊಮ್ಮಕ್ಕಳು ಉಣ್ಣುವುದನ್ನು ನೋಡುತ್ತಾಳೆ. ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಆ ವೇಳೆಯನ್ನು ಮಧ್ಯಾಹ್ನ 12.30 ಎಂದು ತಿದ್ದಲು ಯಾವ ಸರಕಾರದ ಆದೇಶವೂ ಬೇಕಿಲ್ಲ.