ಕರಿಘಟ್ಟಕ್ಕೆ ಗುದ್ದಿದ ವಿಮಾನ

ಕಳೆದ ಆಷಾಢದಲ್ಲಿ ಗಂಜಾಂನ ಅಕ್ಕನ ಮನೆಗೆ ಹೋದಾಗ ಸೋದರಳಿಯ ಮೂರನೇ ಸಲ ಕರಿಘಟ್ಟಕ್ಕೆ ವಿಮಾನ ಗುದ್ದಿಸಿ ಕೂತಿದ್ದ. ಗಾಬರಿ ಬೇಡ. ಬೆಟ್ಟದ ಮೇಲಿನ ಶ್ರೀನಿವಾಸನಿಗಾಗಲಿ, ಕೆಳಗೆ ಹರಿಯುವ ಲೋಕಪಾವನಿಗಾಗಲಿ ಏನೂ ಆಗಿರಲಿಲ್ಲ. ವಿಮಾನವಿದ್ದದ್ದು ಕಂಪ್ಯೂಟರಿನೊಳಗೆ.

ಜಕ್ಕೂರಿನ ಶಾಲೆಗೆ ಸೇರಿ ಪೈಲಟ್ ಆಗಬೇಕೆಂಬುದು ಹುಡುಗನ ಆಸೆಯಾಗಿತ್ತು. ಭಾವ ತೀರಿಕೊಂಡರು, ಆಸೆ ಅಲ್ಲಿಗೇ ನಿಂತಿತು. ಈಗ ಹಗಲೆಲ್ಲ ಮಿಕ್ಸಿ, ಮೋಟಾರು ರಿಪೇರಿ. ರಾತ್ರಿ ಮಂಡಕಳ್ಳಿಯಿಂದ ಹಾರಾಟ. ಮೌಸ್ ಹಿಡಿದು ಹಾರುವುದು ಹಾರಾಟವೇ ಅಲ್ಲವೆಂದು ಪ್ಲೈವುಡ್ ಹಲಗೆಗೆ ತೂತು ಕೊರೆದು, ಡಯಲು, ನಾಬುಗಳನ್ನು ತಾನೇ ಕೂರಿಸುತ್ತಿದ್ದಾನೆ.

"ಎತ್ತರ ತೋರಿಸೋ ಮುಳ್ಳು ಸುಳ್ಳು ಹೇಳ್ತು ಮಾವ" ಎಂದ.

ಸುಳ್ಳಿನ ಮೂಲ ಒಂದು ನಾಬು. ವಿಮಾನದ ಎತ್ತರಮಾಪಕ ಅಳೆಯುವುದು ಗಾಳಿಯ ಒತ್ತಡವನ್ನು. ಒತ್ತಡ ದಿನದಿನಕ್ಕೂ ಬದಲಾಗುವುದರಿಂದ ಅಂದಿನ ಅಂಕಿಯನ್ನು ಪೈಲಟ್ ತಿರುಗಿಸಿ ಕೂರಿಸಬೇಕು. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 30 ಅಡಿ ತಪ್ಪು. ಅಂದು 1008 ಇರಬೇಕಾದಲ್ಲಿ ಇವನದು 1018 ತೋರಿಸುತ್ತಿತ್ತು. ಮುಳ್ಳು 2,900 ಅಡಿ ಎನ್ನುತ್ತಿತ್ತು, ವಿಮಾನವಿದ್ದದ್ದು 2,600ರಲ್ಲಿ. ಕರಿಘಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 2,700 ಅಡಿ. ಮೋಡ ಬೇರೆ ಕವಿದಿತ್ತು.

ಆ ನಾಬಿನ ಹಿಂದೆ ಅವನು ಹಾಕಿದ್ದದ್ದು ರೇಡಿಯೊದ ವಾಲ್ಯೂಮ್ ಕಂಟ್ರೋಲ್. ಹಳೆಯದಾದರೆ ಅದು ಕರಕರ ಎನ್ನುವುದು ನಿಮಗೆ ಗೊತ್ತು. ರೇಡಿಯೊದಲ್ಲಿ ಕೇಳುವ ಆ ಕರಕರ ಇಲ್ಲಿ ಅಂಕಿಗಳ ಕುಣಿತವಾಗುತ್ತದೆ. ಮೇಲಾಗಿ ಅದು ಮುಕ್ಕಾಲು ಸುತ್ತು ತಿರುಗಿ ನಿಂತುಬಿಡುತ್ತದೆ. ಇದಕ್ಕೆ ಬೇಕಾದದ್ದು ರೋಟರಿ ಎನ್‌ಕೋಡರ್: ಎಷ್ಟು ಸುತ್ತಿದರೂ ತಿರುಗುತ್ತದೆ, ಟಿಕ್ ಟಿಕ್ ಎನ್ನುತ್ತ 'ಒಂದು ಮೇಲೆ, ಒಂದು ಕೆಳಗೆ' ಎಂದಷ್ಟೇ ಹೇಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ನಡುವೆ ಒಂದು ಆರ್ಡುಯಿನೊ ಹಲಗೆ, ಮೊಬಿಫ್ಲೈಟ್ ಎಂಬ ಪುಕ್ಕಟೆ ತಂತ್ರಾಂಶ. ಅಲ್ಲಿಗೆ ವಿದ್ಯುತ್ತಿನ ಕೆಲಸ ಮುಗಿಯಿತು.

ಅವನಿಗೆ ತಲೆನೋವಾದದ್ದು ಮೇಲಿನ ನಾಬು. ಪೈಲಟ್ ಕಣ್ಣು ಹೊರಗಿರಬೇಕು, ಕೈ ತಾನಾಗಿ ಗುರುತು ಹಿಡಿಯಬೇಕು. ಇದು ಪ್ರಾಣ ತೆತ್ತು ಕಲಿತ ಪಾಠ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರುಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರವನ್ನೇ ಎತ್ತಿ, ವಿಮಾನದ ಹೊಟ್ಟೆ ನೆಲಕ್ಕೆ ಉಜ್ಜುತ್ತಿದ್ದರು. ತಪ್ಪು ಅವರದಲ್ಲ, ಎರಡೂ ಸ್ವಿಚ್ಚುಗಳು ಅಕ್ಕಪಕ್ಕ, ಒಂದೇ ರೂಪ ಎಂದು 1943ರಲ್ಲಿ ಕಂಡುಕೊಂಡವನು ಆಲ್ಫಾನ್ಸ್ ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞ. ಒಂದಕ್ಕೆ ಪುಟ್ಟ ರಬ್ಬರ್ ಗಾಲಿ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಅಂಟಿಸಿದರು. ಚಕ್ರದ ಹಿಡಿಕೆ ಇಂದಿಗೂ ಗಾಲಿಯ ಆಕಾರದಲ್ಲೇ ಇರುತ್ತದೆ.

ಅಂಗಡಿಯ ಪ್ಲಾಸ್ಟಿಕ್ ನಾಬುಗಳೆಲ್ಲ ಒಂದೇ ಅಚ್ಚು. ಹುಡುಕಿ ಸೋತ ಹುಡುಗ ಅಟ್ಟದ ಮೇಲಿದ್ದ ಭಾವನ ರೇಡಿಯೊ ಇಳಿಸಿ, ಸ್ಟೇಷನ್ ತಿರುಗಿಸುವ ದೊಡ್ಡ ನಾಬನ್ನು ಕಿತ್ತ. ಅಂಚಿಗೆ ಗೀರು, ಒಂದು ಕಡೆ ಚಕ್ಕೆ ಎದ್ದಿತ್ತು. ಅದರ ತೂತು ಕಾಲಂಗುಲ, ಎನ್‌ಕೋಡರಿನ ದಂಡ 6 ಮಿ.ಮೀ. ಲಟಲಟ ಅಲ್ಲಾಡಿತು. ತೆಳು ಹಿತ್ತಾಳೆ ತಗಡು ಸುತ್ತಿ ಬಿಗಿದ. ಅಕ್ಕನಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ರೇಡಿಯೊ ಮುಟ್ಟಿದರೆ ಅವಳು ಎರಡು ದಿನ ಮಾತು ಬಿಡುವವಳು.

ಆ ರಾತ್ರಿ ಕರೆಂಟು ಹೋಯಿತು. ಬೆಂಕಿಪೊಟ್ಟಣ ತಡಕುತ್ತ ಬಂದ ಅಕ್ಕನ ಕೈ ಹಲಗೆಯ ಮೇಲೆ ಬಿತ್ತು. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಟಿಕ್, ಟಿಕ್.

"ಇದು ನಿಮ್ಮಪ್ಪನ ರೇಡಿಯೋದಲ್ವೇನ್ಲಾ?"

ಅಳಿಯ ಉಸಿರೆತ್ತಲಿಲ್ಲ. ಕತ್ತಲಲ್ಲಿ ಅವಳು ಇನ್ನೂ ನಾಲ್ಕು ಸಲ ತಿರುಗಿಸಿದಳು.

"ಆಗ ಹಿಂಗೆ ಸದ್ದು ಬರ್ತಿರ್ಲಿಲ್ಲ" ಎಂದು ಬೆಂಕಿಪೊಟ್ಟಣ ಹುಡುಕಲು ಅಡುಗೆಮನೆಗೆ ಹೋದಳು.